ಬ್ಯಾಂಡ್ ಸೆಟ್ಟಿನವರು ಟ್ರೊಂಬೋನ್ ಅಭ್ಯಾಸ ಮಾಡುವ ಕ್ರಮ

ತುಮಕೂರಿನ ಮದುವೆ ಮೆರವಣಿಗೆಗಳಲ್ಲಿ ಬ್ಯಾಂಡ್ ಸೆಟ್ಟಿನೊಂದಿಗೆ ನುಡಿಸುತ್ತಲೇ ಟ್ರೊಂಬೋನ್ (ಕೊಳವೆಯನ್ನು ಜಾರಿಸಿ ಸ್ವರ ಹೊರಡಿಸುವ ಹಿತ್ತಾಳೆ ವಾದ್ಯ) ಕಲಿಯಬಯಸುವವರು ಬ್ರಿಟನ್ನಿನ ಟ್ರೊಂಬೋನ್ ವಾದಕ ಟೆಡ್ ಹೀತ್ ಅವರ ದಾರಿಯನ್ನು ಗಮನಿಸಬೇಕು. ಹೀತ್ 1902ರಲ್ಲಿ ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಹುಟ್ಟಿದರು; ಅವರ ತಂದೆ ಅಲ್ಲಿನ ಹಿತ್ತಾಳೆ ವಾದ್ಯಗಳ ಬ್ಯಾಂಡಿನ ಮುಖ್ಯಸ್ಥರಾಗಿದ್ದರು. ಬೀದಿಯಲ್ಲಿ ನುಡಿಸಿ ಸಂಪಾದಿಸಿದ ಹೀತ್, ಆಮೇಲೆ ಜ್ಯಾಕ್ ಹಿಲ್ಟನ್, ಆಂಬ್ರೋಸ್, ಜೆರಾಲ್ಡೊ ಮುಂತಾದವರ ತಂಡಗಳಲ್ಲಿ ಸುಮಾರು ಇಪ್ಪತ್ತು ವರ್ಷ ದುಡಿದರು.

ಮೊದಲು ಶ್ರುತಿ. ಟ್ರೊಂಬೋನಿನ ಜಾರುಕೊಳವೆಯ ಮೇಲೆ ಸ್ವರಸ್ಥಾನದ ಗುರುತುಗಳಿಲ್ಲ. ಏಳು ಸ್ಥಾನಗಳನ್ನೂ ಕಿವಿಯೇ ಹುಡುಕಬೇಕು. ಶ್ರುತಿಪೆಟ್ಟಿಗೆಯನ್ನು ಆರೂವರೆ ಶ್ರುತಿಗೆ (ಬಿ ಫ್ಲ್ಯಾಟ್) ಇಟ್ಟು, ಕೊಳವೆಯನ್ನು ಪೂರ್ತಿ ಒಳಗೆಳೆದುಕೊಂಡು (ಇದೇ ಒಂದನೆಯ ಸ್ಥಾನ) ಊದಿದರೆ ಷಡ್ಜವೂ, ತುಟಿಯನ್ನು ಸ್ವಲ್ಪ ಬಿಗಿ ಮಾಡಿದರೆ ಪಂಚಮವೂ ಸಿಗುತ್ತವೆ. ಈಗ ಅದೇ ಪಂಚಮವನ್ನು ಆರನೆಯ ಸ್ಥಾನದಲ್ಲಿ ಊದಿ ನೋಡಿ. ಎರಡೂ ಒಂದೇ ಆಗಿ ಕೇಳಿದರೆ ನಿಮ್ಮ ಆರನೆಯ ಸ್ಥಾನ ಸರಿಯಾಗಿದೆ. ಇಲ್ಲದಿದ್ದರೆ ಕೈಯನ್ನು ಕೂದಲೆಳೆಯಷ್ಟು ಸರಿಸಿ ಮತ್ತೆ ಊದಿ. ಹೊರಗೆ ಹೋದಂತೆಲ್ಲ ಸ್ಥಾನಗಳ ನಡುವಿನ ಅಂತರ ಹಿಗ್ಗುತ್ತದೆ ಎಂಬುದು ಕೈಗೆ ನೆನಪಿರಲಿ.

ಆ ಬಳಿಕ ಶಂಕರಾಭರಣದ ಆರೋಹಣವನ್ನು 1, 6, 4, 3, 1, 4, 2, 1 ಎಂಬ ಸ್ಥಾನಗಳಲ್ಲಿ, ವಿಳಂಬ ಕಾಲದಲ್ಲಿ ಸಾಧಿಸಿ. ಜಾರು, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ, ಈ ವಾದ್ಯಕ್ಕೆ ಸಹಜವಾಗಿ ಒಲಿಯುವುದರಿಂದ ಪ್ರತಿ ಸ್ವರಕ್ಕೂ ಜಾರುವ ಚಪಲ ಬರುತ್ತದೆ. ಅದನ್ನು ತಡೆಯಲು ಪ್ರತಿ ಸ್ವರದ ಆರಂಭದಲ್ಲಿ ನಾಲಿಗೆಯಿಂದ ಮೃದುವಾಗಿ 'ದ' ಎಂದು ತಟ್ಟಿ, ಕೈಯನ್ನು ಮಾತ್ರ ಬೇಗ ಸರಿಸಬೇಕು. ನನ್ನ ಅನುಭವದಲ್ಲಿ ಹೊಸಬರು ಹೆಚ್ಚು ಎಡವುವುದು ಇಲ್ಲಿಯೇ.

ಸಾಲಿನಲ್ಲಿ ನಿಂತಾಗ ಪಕ್ಕದವರ ಧ್ವನಿಗಿಂತ ನಿಮ್ಮದು ಮೇಲೇಳಬಾರದು. ಬೇರೆಯವರ ತಂಡಗಳ ಸಾಲಿನಲ್ಲಿ ಅಷ್ಟು ವರ್ಷ ನುಡಿಸಿದ ಹೀತ್ ತಮ್ಮದೇ ತಂಡ ಕಟ್ಟಿದ್ದು 1944ರಲ್ಲಿ, ನಲವತ್ತು ದಾಟಿದ ಮೇಲೆ. ಪತ್ನಿ ಮೊಯ್ರಾ ಅವರೊಡನೆ ರಚಿಸಿದ ಹಾಡಿನ ಗೌರವಧನ ಅದಕ್ಕೆ ಬಂಡವಾಳವಾಯಿತು. ಲಂಡನ್ ಪಲ್ಲೇಡಿಯಮ್ ರಂಗಮಂದಿರದ ಭಾನುವಾರದ ಕಛೇರಿಗಳಲ್ಲಿ ಹೆಸರಾದ ಆ ತಂಡ 1956ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿಯೂ ನುಡಿಸಿತು. ಸಾಲಿನಲ್ಲಿ ಕಲಿತ ಶಿಸ್ತಿಲ್ಲದೆ ಇದು ಆಗುತ್ತಿರಲಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ನುಡಿಸಿ ಮುಗಿದ ಕೂಡಲೇ ಕೊಳವೆಯೊಳಗಿನ ನೀರನ್ನು ಬಸಿದು, ಒಳಕೊಳವೆಗಳನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿಡಿ. ಮೆರವಣಿಗೆಯ ನೂಕುನುಗ್ಗಲಿನಲ್ಲಿ ಹೊರಕೊಳವೆಗೆ ಸಣ್ಣ ತಗ್ಗು ಬಿದ್ದರೂ ಜಾರುಕೊಳವೆ ಸಿಕ್ಕಿಕೊಳ್ಳುತ್ತದೆಯಾದ್ದರಿಂದ, ನುಡಿಸದೆ ನಡೆಯುವಾಗ ಅದರ ಬೀಗವನ್ನು ಹಾಕಿ, ವಾದ್ಯವನ್ನು ಎದೆಗೆ ಒತ್ತಿ ಹಿಡಿಯಿರಿ.