ಇಟಲಿಯ ಕಥನಕಾರರ ದಾರಿಯಲ್ಲಿ ಏಕವ್ಯಕ್ತಿ ನಾಟಕವನ್ನು ಕಟ್ಟುವ ಬಗೆ

ತಾನೇ ಬರೆದು ತಾನೇ ಅಭಿನಯಿಸಲು ಹೊರಟ ನಟ ಮೊದಲ ದಿನವೇ ಹಾಳೆಯ ಮುಂದೆ ಕುಳಿತುಬಿಟ್ಟರೆ, ಓದಲು ಚೆನ್ನಾಗಿರುವ, ಆದರೆ ಬಾಯಿಗೆ ಒಗ್ಗದ ಪ್ರಬಂಧವೊಂದು ಸಿದ್ಧವಾಗುವ ಸಂಭವವೇ ಹೆಚ್ಚು. ಇಟಲಿಯಲ್ಲಿ ‘ತೆಯಾತ್ರೊ ದಿ ನರ್ರಾತ್ಸಿಯೊನೆ’, ಅಂದರೆ ಕಥನ ರಂಗಭೂಮಿ, ಎಂದು ಕರೆಸಿಕೊಳ್ಳುವ ಪರಂಪರೆಯ ನಟರು ಇದಕ್ಕೆ ತಿರುಗುಮುರುಗಾದ ದಾರಿ ಹಿಡಿದರು. ಅವರು ಮೊದಲು ಜನರೆದುರು ಹೇಳಿದರು, ಮತ್ತೆ ಮತ್ತೆ ಹೇಳಿದರು. ರಂಗಪಠ್ಯ ಆಮೇಲೆ ಮೂಡಿತು. ಈ ಕ್ರಮವನ್ನು ಕಲಿಯಬಯಸುವವರು ಆ ಪರಂಪರೆಯ ನಟ ಮಾರ್ಕೊ ಪಾವೊಲಿನಿಯ ವೃತ್ತಿಜೀವನದಿಂದ ತೊಡಗುವುದು ಒಳ್ಳೆಯದು.

ಮೊದಲನೆಯದು ವಸ್ತುವಿನ ಆಯ್ಕೆ. ಪಾವೊಲಿನಿ 1956ರಲ್ಲಿ ಬೆಲ್ಲುನೊದಲ್ಲಿ ಹುಟ್ಟಿದವರು. 1963ರ ಅಕ್ಟೋಬರ್ 9ರ ರಾತ್ರಿ ಅದೇ ಪ್ರಾಂತದ ಲೊಂಗರೊನೆ ಎಂಬ ಊರು ನೀರಿನಲ್ಲಿ ಕೊಚ್ಚಿಹೋದಾಗ ಅವರಿಗೆ ಏಳು ವರ್ಷ. ಮೊಂತೆ ತೊಕ್ ಬೆಟ್ಟದ ಒಂದು ಪಾರ್ಶ್ವ ವಾಯೊಂತ್ ಜಲಾಶಯಕ್ಕೆ ಜಾರಿ ಬಿದ್ದು, ಸುಮಾರು 260 ಮೀಟರ್ ಎತ್ತರದ ಅಣೆಕಟ್ಟೆಯನ್ನು ದಾಟಿ ಚಿಮ್ಮಿದ ಅಲೆ ಕಣಿವೆಗೆ ಎರಗಿತು. ಸತ್ತವರು ಹೆಚ್ಚುಕಡಿಮೆ ಎರಡು ಸಾವಿರ. ಕಟ್ಟೆ ಮಾತ್ರ ನಿಂತೇ ಇತ್ತು, ಈಗಲೂ ನಿಂತಿದೆ. ಈ ದುರಂತವನ್ನೇ ಪಾವೊಲಿನಿ ಮುಂದೆ ತಮ್ಮ ಏಕವ್ಯಕ್ತಿ ನಾಟಕಕ್ಕೆ ವಸ್ತುವಾಗಿಸಿಕೊಂಡರು. ಬಾಲ್ಯದಲ್ಲಿ ಕಿವಿಗೆ ಬಿದ್ದು, ಬೆಳೆದ ಮೇಲೂ ಒಳಗೆ ಇರಿಯುವ ಇಂಥದೊಂದು ಸಂಗತಿ ನಿಮ್ಮಲ್ಲೂ ಇರಬಹುದು. ಅದನ್ನೇ ಆರಿಸಿಕೊಳ್ಳಿ. ‘ಜನರಿಗೆ ಹಿಡಿಸುವ ವಿಷಯ’ವನ್ನು ಹುಡುಕಿಕೊಂಡು ಹೋದವರ ನಾಟಕ ಮೂರನೆಯ ಪ್ರಯೋಗಕ್ಕೇ ಸೊರಗುತ್ತದೆಂಬುದು ನನ್ನ ಅಭಿಪ್ರಾಯ.

ಆಯ್ಕೆಯಾದ ಮೇಲೆ ದಾಖಲೆಗಳಿಗೆ ಇಳಿಯಬೇಕು. ಪಾವೊಲಿನಿಗೆ ಆಧಾರವಾದದ್ದು ಪತ್ರಕರ್ತೆ ತೀನಾ ಮೆರ್ಲಿನ್ 1983ರಲ್ಲಿ ಪ್ರಕಟಿಸಿದ ಪುಸ್ತಕ. ದುರಂತಕ್ಕೆ ವರ್ಷಗಳ ಮೊದಲೇ ಅಪಾಯದ ಬಗ್ಗೆ ಬರೆದ ಆಕೆ, ಸುಳ್ಳು ಸುದ್ದಿ ಹರಡಿದ ಆರೋಪದ ಮೇಲೆ ನ್ಯಾಯಾಲಯದ ಕಟಕಟೆ ಹತ್ತಿ, 1960ರಲ್ಲಿ ನಿರ್ದೋಷಿಯೆಂದು ಹೊರಬಂದಿದ್ದರು. ಇಂಥ ಒಬ್ಬ ವ್ಯಕ್ತಿ ಸಿಕ್ಕಿದರೆ ಅರ್ಧ ನಾಟಕ ಸಿಕ್ಕಿದಂತೆಯೇ ಸರಿ. ಏಕೆಂದರೆ ಕೊನೆ ಏನಾಗುತ್ತದೆಂದು ಮೊದಲೇ ಬಲ್ಲ ಪ್ರೇಕ್ಷಕನು, ಅದನ್ನು ಯಾರು, ಯಾವಾಗ, ಎಷ್ಟು ಬಾರಿ ಎಚ್ಚರಿಸಿದ್ದರು ಎಂಬುದನ್ನು ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬರುತ್ತಾನೆ.

ಅಂಕಿಗಳ ವಿಷಯದಲ್ಲಿ ಎಚ್ಚರ ಬೇಕು. ಜಾರಿದ ಮಣ್ಣುಕಲ್ಲು ಇಪ್ಪತ್ತಾರು ಕೋಟಿ ಘನ ಮೀಟರಿಗೂ ಹೆಚ್ಚು ಎಂದರೆ ಯಾರ ಕಣ್ಣಿಗೂ ಏನೂ ಕಟ್ಟುವುದಿಲ್ಲ. ದುರಂತದ ಆ ದಿನಗಳಲ್ಲಿ ಪತ್ರಿಕೆಗೆ ಬರೆದ ಲೇಖಕ ದಿನೊ ಬುತ್ಸಾತಿ, ತುಂಬಿದ ಲೋಟಕ್ಕೆ ಕಲ್ಲೊಂದು ಬಿದ್ದು ನೀರು ಮೇಜುವಸ್ತ್ರದ ಮೇಲೆ ಚೆಲ್ಲಿತು, ಅಷ್ಟೇ, ಎಂದು ಆರಂಭಿಸಿ, ಆ ಲೋಟ ನೂರಾರು ಮೀಟರ್ ಎತ್ತರದ್ದು, ಕಲ್ಲು ಬೆಟ್ಟದಷ್ಟು ದೊಡ್ಡದು, ಕೆಳಗಿದ್ದ ಮೇಜುವಸ್ತ್ರದ ಮೇಲೆ ಸಾವಿರಾರು ಜನರಿದ್ದರು ಎಂದು ಮುಂದುವರಿಸಿದ್ದರು. ಪ್ರತಿ ದೊಡ್ಡ ಸಂಖ್ಯೆಗೂ ಹೀಗೆ ಕೈಗೆಟುಕುವ ವಸ್ತುವೊಂದನ್ನು ಹುಡುಕಬೇಕು. ಸಿಗದಿದ್ದರೆ ಸಂಖ್ಯೆಯನ್ನೇ ಬಿಟ್ಟುಬಿಡಬೇಕು.

ಯಾರಿಗೆ ಹೇಳುತ್ತಿದ್ದೇನೆ ಎಂಬ ಪ್ರಶ್ನೆಯನ್ನು ಇದೇ ಪರಂಪರೆಯ ಇನ್ನೊಬ್ಬ ನಟ ಅಸ್ಕಾನಿಯೊ ಚೆಲೆಸ್ತಿನಿ ತಮ್ಮ ‘ರಾದಿಯೊ ಕ್ಲಾಂದೆಸ್ತೀನಾ’ ನಾಟಕದಲ್ಲಿ ಬಿಡಿಸಿಕೊಂಡ ರೀತಿ ನೋಡತಕ್ಕದ್ದು. 1944ರ ಮಾರ್ಚ್ 24ರಂದು ರೋಮಿನ ಫೊಸ್ಸೆ ಅರ್ದೆಆತೀನೆ ಎಂಬ ಗುಹೆಗಳಲ್ಲಿ, ಪ್ರತಿರೋಧ ಹೋರಾಟಗಾರರ ದಾಳಿಯೊಂದಕ್ಕೆ ಸೇಡಾಗಿ, ಜರ್ಮನರು 335 ಮಂದಿಯನ್ನು ಕೊಂದ ಕತೆಯನ್ನು ಅವರು ಓದು ಬಾರದ ಒಬ್ಬ ಕುಳ್ಳ ಮುದುಕಿಯ ನೆಪದಲ್ಲಿ ಹೇಳುತ್ತಾರೆ. ಕೇಳುವವಳು ಅಂಥವಳಾದ್ದರಿಂದ ಭಾಷೆ ತಾನಾಗಿ ಸರಳವಾಗುತ್ತದೆ. ಬಂದು ಶರಣಾಗಿರೆಂದು ಜರ್ಮನರು ದಾಳಿ ಮಾಡಿದ ಹೋರಾಟಗಾರರಿಗೆ ಮೊದಲೇ ಕರೆಕೊಟ್ಟಿದ್ದರೆಂದು ಬಹಳ ಜನ ನಂಬಿದ್ದರು. ನಿಜದಲ್ಲಿ ಹತ್ಯೆ ಮುಗಿದ ಮೇಲೆಯೇ ಪ್ರಕಟಣೆ ಹೊರಬಿದ್ದದ್ದು. ಕೇಳುಗರ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ಇಂಥ ತಪ್ಪುಕಲ್ಪನೆಯೊಂದಿದ್ದರೆ, ಕಥನದ ಬೆನ್ನೆಲುಬಾಗಿ ಅದನ್ನೇ ಇಟ್ಟುಕೊಳ್ಳಬಹುದು.

ಹಲವು ಪಾತ್ರಗಳನ್ನು ಒಬ್ಬನೇ ತೋರಿಸಲು ವೇಷ ಬೇಕಿಲ್ಲ. ಇಟಲಿಯ ನಾಟಕಕಾರ-ನಟ ದಾರಿಯೊ ಫೊ 1969ರ ‘ಮಿಸ್ತೆರೊ ಬುಫ್ಫೊ’ದಲ್ಲಿ, ಕ್ರಿಸ್ತನು ಸತ್ತ ಲಾಜರನನ್ನು ಬದುಕಿಸುವ ಪವಾಡವನ್ನು ಆಡುವಾಗ ಕ್ರಿಸ್ತನನ್ನು ತೋರಿಸುವ ಗೋಜಿಗೆ ಹೋಗದೆ, ನೋಡಲು ನೆರೆದ ಗುಂಪನ್ನು ತೋರಿಸಿದರು: ಸ್ಮಶಾನದ ಕಾವಲುಗಾರ, ಕುರ್ಚಿ ಬಾಡಿಗೆಗೆ ಕೊಡುವವನು, ಮೀನು ಮಾರುವವನು, ಪಣ ಕಟ್ಟುವವರು, ಕೊನೆಗೊಬ್ಬ ಜೇಬುಗಳ್ಳ. ಭುಜ ತಿರುಗಿತೆಂದರೆ ಆಳು ಬದಲಾದ. ತಾಲೀಮಿನಲ್ಲಿ ಪ್ರತಿ ಪಾತ್ರಕ್ಕೂ ಒಂದೇ ಒಂದು ಆಂಗಿಕ ಗುರುತನ್ನು ನಿಗದಿ ಮಾಡಿಕೊಳ್ಳಿ; ಎರಡು ಇಟ್ಟರೆ ಅನುಕರಣೆಯ ಚಾಳಿ ಹತ್ತುತ್ತದೆ.

ಇನ್ನು ಪ್ರಯೋಗ. ಪಾವೊಲಿನಿ 1993ರಿಂದ ವಾಯೊಂತಿನ ಕತೆಯನ್ನು ಚಿಕ್ಕಪುಟ್ಟ ಜಾಗಗಳಲ್ಲಿ ಹೇಳುತ್ತ, ನಿರ್ದೇಶಕ ಗಾಬ್ರಿಯೆಲೆ ವಾಚಿಸ್ ಅವರೊಡನೆ ರೂಪ ಕೊಡುತ್ತ ಬಂದರು. ಅದು 1997ರ ಅಕ್ಟೋಬರ್ 9ರಂದು, ಆ ಅಣೆಕಟ್ಟೆಯ ಬಳಿಯಿಂದಲೇ, ಇಟಲಿಯ ಸಾರ್ವಜನಿಕ ವಾಹಿನಿ ರಾಯ್ ದೂರದರ್ಶನದಲ್ಲಿ ನೇರ ಪ್ರಸಾರವಾಗುವ ಹೊತ್ತಿಗೆ ನಾಲ್ಕು ವರ್ಷ ಸಂದಿದ್ದವು. ನೀವೂ ಐದಾರು ಜನರಿಂದ ಆರಂಭಿಸಿ, ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ಕೇಳುವಾಗ ನಿಮ್ಮ ಮಾತಿಗಿಂತ ಅವರ ಸದ್ದಿಗೆ ಕಿವಿಗೊಡಿ. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ ಕೇಳಿಸಿದ ಕಡೆ ಗುರುತು ಹಾಕಿ, ಅದಕ್ಕಿಂತ ಎರಡು ನಿಮಿಷ ಹಿಂದಕ್ಕೆ ಹೋಗಿ ನೋಡಿದರೆ ಬೇಡದ ವಿವರಣೆಯೊಂದು ಅಲ್ಲಿ ಕುಳಿತಿರುತ್ತದೆ. ಅದನ್ನು ತೆಗೆದು ಮುಂದಿನ ವಾರ ಬೇರೆ ಐದಾರು ಜನರಿಗೆ ಹೇಳಿ. ಒಂದೇ ವಾಕ್ಯ ನಾಲ್ಕೈದು ಬಾರಿ ಬದಲಾಗದೆ ಬಾಯಿಗೆ ಬಂದಾಗ ಮಾತ್ರ ಅದನ್ನು ಹಾಳೆಗೆ ಇಳಿಸಿ.