ಮುತ್ತಜ್ಜನ ಪಲ್ಟನ್ ಹುಡುಕುವ ಬಗೆ

ಮೊದಲು ಟ್ರಂಕಿನಲ್ಲಿರುವ ಪದಕ ತೆಗೆಯಿರಿ. ಮೊದಲ ಮಹಾಯುದ್ಧದ ದುಂಡನೆಯ ಬೆಳ್ಳಿ ಪದಕವಾದರೆ ಅಂಚಿನ ಮೇಲೆ ಸೈನಿಕನ ನಂಬರು, ಹುದ್ದೆ, ಹೆಸರು, ಪಲ್ಟನ್ (ಅವನಿದ್ದ ಸೇನಾ ದಳ) ಒತ್ತಿರುತ್ತಾರೆ. ಹುಣಸೆಹಣ್ಣು ಹಾಕಿ ಉಜ್ಜಲೇಬೇಡಿ. ಅಕ್ಷರ ಸವೆದರೆ ಇದ್ದೊಂದು ಸಾಕ್ಷಿಯೂ ಹೋದಂತೆ. ಟಾರ್ಚನ್ನು ಓರೆಯಾಗಿ ಹಿಡಿದು, ಪದಕ ತಿರುಗಿಸುತ್ತ ನಾಲ್ಕೈದು ಫೋಟೊ ತೆಗೆಯಿರಿ.

ಆಮೇಲೆ ಊರು. ದಾವಣಗೆರೆ 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಬ್ರಿಟಿಷರ ಕಡತಗಳಲ್ಲಿ ‘ಚಿತಲ್‌ಡ್ರೂಗ್’ ಎಂದು ಹುಡುಕಿ. ಹರಪನಹಳ್ಳಿಯವರು ಆಗ ಮದ್ರಾಸ್ ಪ್ರಾಂತ್ಯದವರು.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳ ಮೈಸೂರು ಮಹಾರಾಜರ ಸೈನ್ಯ, ಬ್ರಿಟಿಷ್ ರೆಜಿಮೆಂಟಲ್ಲ. ಅದರ ಕಾಗದಪತ್ರಕ್ಕೆ ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ವಿಚಾರಿಸಿ. ಒಂದೇ ಹೆಸರಿನವರು ಹತ್ತು ಮಂದಿ ಸಿಗುತ್ತಾರೆ. ನಂಬರು ತಾಳೆಯಾಗದೆ ನಮ್ಮಜ್ಜನೆಂದು ಬರೆದುಕೊಳ್ಳಬೇಡಿ.