ಬಾರಿಗಿ ಕಡ್ಡಿಗಿ ಸಿಗಡಿ ಸಿಗಿಸಿ ನೋಡ್ರಿ

ಗಾಜಿನ ತೊಟ್ಟಿಯಾಗ ಸಾಕಾಕ ಅರೋವಾನಾನೋ ಆಸ್ಕರೋ ಅನ್ನೋ ಬೇಟೆ ಮೀನು ಮನಿಗಿ ತರ್ತೀರಿ. ಒಂದಿನ ಸತ್ತ ಸಿಗಡಿ ಹಾಕ್ತೀರಿ, ಅದು ತಿರುಗಿ ನೋಡ್ಲಿಲ್ಲಂದ್ರ ಸಂಜೀಗೇ ಜೀವಂತ ಮೀನಿನ ಚೀಲ ಹಿಡಕೊಂಡು ಬರ್ತೀರಿ. ಹಟ ಹಿಡದ್ರ ಬೇಕಾದ್ದು ಸಿಗ್ತದ ಅಂತ ಮೀನಿಗಿ ನೀವೇ ಕಲಿಸಿದಂಗಾಯ್ತಲ್ಲ!

ಆ ಚೀಲದ ಜೋಡಿ ಬಿಳಿ ಚುಕ್ಕಿ ರೋಗನೂ ತೊಟ್ಟಿಗಿ ಬರಬಹುದು. ತಿನಸಾಕ ತರೋ ಗೋಲ್ಡ್‌ಫಿಷ್ ಮೈಯಾಗ ಥಯಾಮಿನೇಸ್ ಅನ್ನೋ ಕಿಣ್ವ ಅದ, ಬಿ1 ಜೀವಸತ್ವ ಒಡೀತದ. ಕೆಲವು ಸಿಗಡಿಯೊಳಗೂ ಅದ. ಅದಕ್ಕ ಸಿಗಡಿಗೇ ನಿಲ್ಲಬ್ಯಾಡ್ರಿ, ಪೆಲೆಟ್ ಅನ್ನೋ ಒಣ ಗುಳಿಗಿ ಆಹಾರದ ತನಕ ಕರಕೊಂಡು ಹೋಗ್ರಿ.

ಹಿಂದಕ ಕಲಬುರಗಿಯ ಅಪ್ಪನ ಕೆರಿ ದಂಡಿಗಿ ನಿಂತು ಚುರುಮುರಿ ಒಗದ್ರ ಮೀನು ತಾವೇ ಮುತ್ತತಿದ್ವು. ಅವು ಬ್ಯಾರೆ. ಅರೋವಾನಾ, ಆಸ್ಕರ್, ಕೊರವ ಮೀನು ಇವು ಹೆಚ್ಚಾಗಿ ಅಲುಗಾಡಿದ್ದನ್ನೇ ಬೇಟೆ ಅಂತ ತಿಳೀತಾವ. ಸುಮ್ನ ತಳಕ್ಕ ಬಿದ್ದ ಸಿಗಡಿ ಅವುಕ್ಕ ಕಲ್ಲಿದ್ದಂಗ.

ಹೊಸ ಮೀನು ಒಂದು ವಾರ ಹೊಂದಿಕೊಳ್ಳಲಿ. ಆಮ್ಯಾಲ ಗೇಣುದ್ದದ ಗಟ್ಟಿ ಮೀನಾದ್ರ ನಾಕೈದು ದಿನ ಉಪವಾಸ ಕೆಡವ್ರಿ. ಬೆರಳುದ್ದದ ಮರಿಗಿ ಎರಡು ದಿನದ ಮ್ಯಾಲ ಬ್ಯಾಡ. ಜಡ್ಡು ಬಂದದ್ದಕ್ಕ ಉಪವಾಸನೇ ಬ್ಯಾಡ. ನಡುವ ಕನಿಕರ ಪಟ್ಟು ಒಂದು ಜೀವಂತ ಮೀನು ಬಿಟ್ರೋ, ಮತ್ತ ಮೊದಲಿಂದ ಶುರು ಮಾಡಬೇಕು.

ಈಗ ಕಡ್ಡಿ. ಫಿನೈಲ್ ಮುಟ್ಟದ ಹೊಸ ಬಾರಿಗಿಯಿಂದ ಒಂದು ಉದ್ದನ ಕಡ್ಡಿ ಹಿರೀರಿ. ಚೂಪಾದ ತುದಿ ಮುರದು, ಉಗುರಿನಿಂದ ಒಂದಿಷ್ಟು ಸೀಳ್ರಿ. ಸಿಪ್ಪಿ, ತಲಿ ತೆಗದ ಹಸಿ ಸಿಗಡಿಯಿಂದ ಮೀನಿನ ಬಾಯಿಗಿಂತ ಸಣ್ಣ ಎಳಿ ಸೀಳಿ, ಅದರ ತುದಿ ಅಷ್ಟೇ ಕಡ್ಡಿ ಸೀಳಿನೊಳಗ ಸಿಗಿಸ್ರಿ. ಬಾಲದಂಗ ತೇಲಾಡಬೇಕು, ಎಳದ ಕೂಡ್ಲೇ ಕಳಚಬೇಕು. ಚುಚ್ಚಿ ಇಟ್ರ ಕಡ್ಡಿ ಬಾಯಿಗಿ ನಟ್ಟೀತು. ಸಂಜೀ ಮುಂದ ದೀಪ ಸಣ್ಣ ಮಾಡ್ರಿ. ಭಾಳ ಮಂದಿ ಮಾಡೋ ತಪ್ಪು ಏನಂದ್ರ, ಸಿಗಡಿ ಒಯ್ದು ಮೀನಿನ ಮೂಗಿಗೇ ತಿವೀತಾರ. ಯಾವ ಬೇಟೆ ತಾನೇ ಬಾಯಾಗ ಬಂದು ಬೀಳ್ತದ? ಕಣ್ಣಿನ ಮುಂದಿಂದ ದೂರ ಓಡಿಸ್ರಿ: ಒಂದು ಜರ್ಕ್, ನಿಲ್ಲಸ್ರಿ, ಇನ್ನೊಂದು ಜರ್ಕ್. ಅರೋವಾನಾಕ್ಕ ನೀರಿನ ಮ್ಯಾಲಕ, ಆಸ್ಕರ್‌ಗಿ ನಡುವ. ರೆಕ್ಕಿ ಮುಚ್ಚಿ ಮೂಲಿಗಿ ಸರೀತಂದ್ರ ಕಡ್ಡಿ ತೆಗೀರಿ, ನಾಳಿಗಿ ನೋಡೂಣು.

ಸಿಗಡಿ ಹೆಚ್ಚಿದ ಈಳಿಗಿಗಿ ಸಾಬೂನು ಹಚ್ಚಬ್ಯಾಡ್ರಿ, ಉಪ್ಪು ಹುಣಸಿಹಣ್ಣು ತಿಕ್ಕಿ ತೊಳೀರಿ. ವಾಸನಿನೂ ಹೋಗ್ತದ, ಸಾಬೂನಿನ ಅಂಶ ತೊಟ್ಟಿಗಿನೂ ಇಳಿಯಲ್ಲ.

ನಾಕು ದಿನ ಕಡ್ಡಿಯಿಂದ ಕಸಕೊಂಡ ಮ್ಯಾಲ ಫಿಲ್ಟರ್ ನೀರು ಬೀಳೋ ಕಡಿ ಬರೇ ಸಿಗಡಿ ಬಿಡ್ರಿ, ಹರಿವಿಗಿ ಅದೇ ಅಲುಗಾಡ್ತದ. ಆಮ್ಯಾಲ ಎಳಿಯೊಳಗ ಒಂದು ಪೆಲೆಟ್ ಮುಚ್ಚಿಡ್ರಿ. ದಿನಾ ಸಿಗಡಿ ತೆಳ್ಳಗ ಮಾಡಕೋತ ಬರ್ರಿ. ಕಡೀಗಿ ಸಿಗಡಿ ರಸದಾಗ ನೆನಸಿದ ಪೆಲೆಟ್ ಸಾಕಾಗ್ತದ. ಉಗುಳಿದ್ರ ಅಂಜಬ್ಯಾಡ್ರಿ, ಮತ್ತ ಬಾಯಿ ಹಾಕ್ತದ.

ಉಳದದ್ದು ಹತ್ತು ನಿಮಿಷದಾಗ ಹೊರಗ. ನಮ್ಮ ಕಲಬುರಗಿ ಬ್ಯಾಸಗಿಯೊಳಗ ಸಿಗಡಿ ತುಣುಕು ಲಗೂನ ಕೊಳೀತದ, ಮೀನಿಗಿ ವಿಷ ಆಗೋ ಅಮೋನಿಯಾ ಏರ್ತದ. ಬಿಸಿ ನೀರಿನಾಗ ಆಮ್ಲಜನಕನೂ ಕಮ್ಮಿ. ಮತ್ತ ಕಡ್ಡಿ ತೆಗದ ಕೂಡ್ಲೇ ಮುಚ್ಚಳ ಹಾಕ್ರಿ, ಅರೋವಾನಾ ಅದರ ಹಿಂದೇ ಹಾರ್ತದ.